ಮುದ್ರಕರ ಹೆಸರಿಲ್ಲದ ಹಾಳೆ

ಹೋದ ಮೇ ತಿಂಗಳಲ್ಲಿ, ನಾಲ್ಕನೇ ಸೆಮಿಸ್ಟರ್ ಪರೀಕ್ಷೆ ಮುಗಿಸಿ ಭಟ್ಕಳದಿಂದ ಕುಮಟಾ ಹತ್ತಿರದ ನಮ್ಮ ಮನೆಗೆ ಹೋಗಿದ್ದೆ. ಮಳೆಗಾಲಕ್ಕೆ ಮೊದಲು ಮನೆಯ ಮೆತ್ತು ಕ್ಲೀನ್ ಮಾಡೋದು ನಮ್ಮಲ್ಲಿ ಪ್ರತಿ ವರ್ಷದ ಕೆಲಸ. ಈ ಸಲ ಅಜ್ಜ ಇರಲಿಲ್ಲ, ಹಾಗಾಗಿ ಅವರ ಕಾಗದದ ಕಟ್ಟುಗಳನ್ನು ಕೇಳುವವರೂ ಇರಲಿಲ್ಲ. ಹಳೇ ಪೇಪರು, ಯಕ್ಷಗಾನದ ಹ್ಯಾಂಡ್‌ಬಿಲ್ಲು, ಸೊಸೈಟಿ ರಸೀದಿ, ಒರಲೆ ತಿಂದ ಪಂಚಾಂಗ ಎಲ್ಲವನ್ನೂ ನಾನೇ ಹೊತ್ತು ಕೆಳಗಿಳಿಸಿದೆ, ನಾನೇ ನಿಂತು ರದ್ದಿಯವನ ತಕ್ಕಡಿಗೆ ಹಾಕಿಸಿದೆ. ಸಿಕ್ಕ ದುಡ್ಡಿನಲ್ಲಿ ಮೊಬೈಲ್ ರೀಚಾರ್ಜ್ ಆಯ್ತು.

ಎರಡು ದಿನ ಬಿಟ್ಟು ಅಜ್ಜನ ತಗಡಿನ ಟ್ರಂಕ್ ಒರೆಸುವಾಗ ಅದರ ತಳಕ್ಕೆ ಹಾಸಿದ್ದ ಪೇಪರಿನ ಅಡಿಯಲ್ಲಿ ಒಂದೇ ಒಂದು ಹಾಳೆ ಸಿಕ್ಕಿತು. ಎರಡೂ ಬದಿ ಕಪ್ಪು ಶಾಯಿಯಲ್ಲಿ ಕೈಬರಹದ ಕನ್ನಡ. ಆದರೆ ಪೆನ್ನಿನಲ್ಲಿ ಬರೆದದ್ದಲ್ಲ, ಯಂತ್ರದಲ್ಲಿ ಪ್ರತಿ ತೆಗೆದದ್ದು. ಮೇಲೆ ದೊಡ್ಡಕ್ಷರದ ತಲೆಬರಹ, ಕೆಳಗೆ "ಓದಿ, ಇನ್ನೊಬ್ಬರಿಗೆ ಕೊಡಿ" ಎಂಬ ಅರ್ಥದ ಒಂದು ಸಾಲು. ಸಂಪಾದಕರ ಹೆಸರಿಲ್ಲ, ಪ್ರೆಸ್ಸಿನ ಹೆಸರಿಲ್ಲ, ಊರಿಲ್ಲ.

ಆಗ ಗೊತ್ತಾಯ್ತು, ತಕ್ಕಡಿಗೆ ಹಾಕಿದ್ದು ಬರೀ ರದ್ದಿ ಆಗಿರಲಿಲ್ಲ ಅಂತ. ರದ್ದಿ ಅಂಗಡಿಗೆ ಓಡಿದೆ. ಲೋಡ್ ಆಗಲೇ ಹೋಗಿತ್ತು.

ಆ ಒಂದು ಹಾಳೆಯನ್ನು ಓದಲು ಕಲಿಯುತ್ತಾ ಒಂದು ವರ್ಷ ಕಳೆಯಿತು. ಕಲಿತದ್ದನ್ನು ಪಾಠದ ಥರ ಇಲ್ಲಿ ಬರೆದಿದ್ದೇನೆ. ನಿಮ್ಮಲ್ಲಿ ಹೆಚ್ಚಿನವರ ಮನೆಯಲ್ಲೂ ಒಂದು ಅಟ್ಟ ಇದೆ, ಈ ಮೇನಲ್ಲಿ ಅದೂ ಕ್ಲೀನ್ ಆಗುತ್ತದೆ. ಅದಕ್ಕೇ ಈ ಅವಸರ.

ಭೂಗತ ಪತ್ರಿಕೆ ಅಂದರೆ ಏನು?

ಯಾವ ಮಾಮೂಲಿ ಪತ್ರಿಕೆಯನ್ನಾದರೂ ಕೊನೇ ಪುಟದ ಕೆಳಗೆ ನೋಡಿ. ಮುದ್ರಕರು, ಪ್ರಕಾಶಕರು, ಸಂಪಾದಕರು, ಮುದ್ರಣವಾದ ಸ್ಥಳ ಎಲ್ಲವೂ ಚಿಕ್ಕ ಅಕ್ಷರದಲ್ಲಿ ಇರುತ್ತವೆ. ಇದು ಸಂಪ್ರದಾಯವಲ್ಲ, ಕಾನೂನು. 1857ರ ದಂಗೆಯಾಗಿ ಹತ್ತು ವರ್ಷಕ್ಕೆ ಬಂದ 1867ರ ಪತ್ರಿಕಾ ಮತ್ತು ಪುಸ್ತಕ ನೋಂದಣಿ ಕಾಯ್ದೆಯ ಪ್ರಕಾರ ಅಚ್ಚಾದ ಪ್ರತಿ ಪುಸ್ತಕ, ಪತ್ರಿಕೆಯಲ್ಲಿ ಮುದ್ರಕನ ಹೆಸರೂ ಸ್ಥಳವೂ ಇರಲೇಬೇಕಿತ್ತು. ಒಂದೂವರೆ ಶತಮಾನ ಇದೇ ಕಾನೂನು ನಡೆಯಿತು. 2023ರಲ್ಲಿ ಅದರ ಜಾಗಕ್ಕೆ ಹೊಸ ಕಾಯ್ದೆ ಬಂದಿದೆ.

ಆ ಚಿಕ್ಕ ಸಾಲಿನ ಉಪಯೋಗ ಸರಳ. ಬರೆದದ್ದು ಸರ್ಕಾರಕ್ಕೆ ಇಷ್ಟವಾಗದಿದ್ದರೆ ಯಾರ ಮನೆ ಬಾಗಿಲು ತಟ್ಟಬೇಕು ಅಂತ ಅದರಿಂದ ಗೊತ್ತಾಗುತ್ತದೆ. ಬಾಗಿಲು ತಟ್ಟಿಸಿಕೊಳ್ಳಲು ತಯಾರಿಲ್ಲದವರು, ಅಥವಾ ತಟ್ಟಿದರೂ ಕೆಲಸ ನಿಲ್ಲಬಾರದು ಅಂದುಕೊಂಡವರು, ಆ ಸಾಲನ್ನೇ ಬಿಟ್ಟರು. ಹಾಗಾಗಿ ಹಳೇ ಹಾಳೆಯಲ್ಲಿ ಆ ಜಾಗ ಖಾಲಿ ಇದ್ದರೆ ಅದನ್ನು ಮರೆವು ಅಂತ ತಳ್ಳಿಹಾಕಬೇಡಿ. ಆ ಹಾಳೆ ನಮಗೆ ಹೇಳುವ ಮೊದಲ ಮಾತೇ ಆ ಖಾಲಿ ಜಾಗ.

ಡೆಟ್ರಾಯಿಟ್‌ನಲ್ಲೂ ಒಂದು ಅಟ್ಟ

ಇಂಥ ಪತ್ರಿಕೆಗಳನ್ನು ಕೂಡಿಡುವುದರಲ್ಲಿ ಅಮೆರಿಕದವರು ನಮಗಿಂತ ಮುಂದಿದ್ದಾರೆ. ಅದು ಹೇಗಾಯ್ತು ಅಂತ ನೋಡಿದರೆ ಮೊದಲು ಕಾಣೋದು ಸರ್ಕಾರವೂ ಅಲ್ಲ, ದೊಡ್ಡ ಲೈಬ್ರರಿಯೂ ಅಲ್ಲ. ಜೋಸೆಫ್ ಲಬಾಡಿ ಅಂತ ಡೆಟ್ರಾಯಿಟ್‌ನ ಒಬ್ಬ ಮುದ್ರಣ ಕಾರ್ಮಿಕ, ಅರಾಜಕತಾವಾದಿ. ತನ್ನ ಕೈಗೆ ಬಂದ ಕಾರ್ಮಿಕ ಪತ್ರಿಕೆ, ಕರಪತ್ರ, ಕಾಗದ ಒಂದನ್ನೂ ಬಿಸಾಡದೆ ಮನೆಯ ಅಟ್ಟದಲ್ಲಿ ತುಂಬಿದ. 1911ರಲ್ಲಿ ಎಲ್ಲವನ್ನೂ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಕೊಟ್ಟ. ಅಲ್ಲಿ ಅದು ವರ್ಷಗಟ್ಟಲೆ ಹಾಗೇ ಬಿದ್ದಿತ್ತು. 1920ರ ದಶಕದಲ್ಲಿ ಆಗ್ನೆಸ್ ಇಂಗ್ಲಿಸ್ ಎಂಬ ಮಹಿಳೆ ನೋಡಲು ಬಂದವರು, ಸ್ಥಿತಿ ನೋಡಿ ಅಲ್ಲೇ ಕೂತು ಜೋಡಿಸಲು ಶುರು ಮಾಡಿದರು. 1952ರಲ್ಲಿ ತೀರಿಕೊಳ್ಳುವ ತನಕ ಅದೇ ಕೆಲಸ ಮಾಡಿದರು. ಇಂದಿಗೂ ಅದು ಲಬಾಡಿ ಸಂಗ್ರಹ ಎಂದೇ ಪ್ರಸಿದ್ಧ.

1960ರ ದಶಕದಲ್ಲಿ ವಿಯೆಟ್ನಾಂ ಯುದ್ಧದ ವಿರೋಧ, ಕರಿಯರ ಹಕ್ಕಿನ ಹೋರಾಟ, ಹಿಪ್ಪಿಗಳು ಎಲ್ಲ ಒಟ್ಟಿಗೆ ಬಂದಾಗ ಅಲ್ಲಿ ಸಣ್ಣ ಪತ್ರಿಕೆಗಳ ಪ್ರವಾಹವೇ ಎದ್ದಿತು. 1964ರಲ್ಲಿ 'ಲಾಸ್ ಏಂಜಲೀಸ್ ಫ್ರೀ ಪ್ರೆಸ್', 1965ರಲ್ಲಿ 'ಬರ್ಕ್ಲಿ ಬಾರ್ಬ್' ಮತ್ತು ನ್ಯೂಯಾರ್ಕಿನ 'ಈಸ್ಟ್ ವಿಲೇಜ್ ಅದರ್', 1966ರಲ್ಲಿ ಬಣ್ಣಬಣ್ಣದ 'ಸ್ಯಾನ್ ಫ್ರಾನ್ಸಿಸ್ಕೋ ಒರಾಕಲ್'. ಒರಾಕಲ್ ಬಂದದ್ದು ಬರೀ ಹನ್ನೆರಡು ಸಂಚಿಕೆ. ಇದಕ್ಕೆಲ್ಲ ಒಂದು ತಾಂತ್ರಿಕ ಕಾರಣವೂ ಇತ್ತು. ಆಫ್‌ಸೆಟ್ ಮುದ್ರಣ ಅಗ್ಗವಾಗಿತ್ತು. ಸೀಸದ ಮೊಳೆ ಜೋಡಿಸುವುದು ಬೇಡ, ಟೈಪ್‌ರೈಟರಿನಲ್ಲಿ ಹೊಡೆದು, ಚಿತ್ರ ಕತ್ತರಿಸಿ ಅಂಟಿಸಿ, ಫೋಟೋ ತೆಗೆದು ಪ್ಲೇಟ್ ಮಾಡಿದರೆ ಆಯ್ತು. ನಾಲ್ಕು ಜನ ಹುಡುಗರು ಒಂದು ಅಡುಗೆ ಮೇಜಿನ ಮೇಲೆ ಪತ್ರಿಕೆ ಕಟ್ಟಬಹುದಾಗಿತ್ತು.

1966ರಲ್ಲಿ ಇವರೆಲ್ಲ ಸೇರಿ 'ಅಂಡರ್‌ಗ್ರೌಂಡ್ ಪ್ರೆಸ್ ಸಿಂಡಿಕೇಟ್' ಮಾಡಿಕೊಂಡರು. ನಿಯಮ ಇಷ್ಟೇ: ಒಬ್ಬರ ಬರಹವನ್ನು ಇನ್ನೊಬ್ಬರು ಪುಕ್ಕಟೆ ಮರುಮುದ್ರಿಸಬಹುದು, ಎಲ್ಲರೂ ಎಲ್ಲರಿಗೂ ಪ್ರತಿ ಕಳಿಸಬೇಕು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಓಪನ್ ಸೋರ್ಸ್. ಈ ಪ್ರತಿಗಳು ಒಂದೆಡೆ ಸೇರಿದ್ದರಿಂದ ಬೆಲ್ ಅಂಡ್ ಹೋವೆಲ್ ಕಂಪನಿ ಅವುಗಳನ್ನು ಮೈಕ್ರೋಫಿಲ್ಮ್ ಮಾಡಿತು. ವಿಸ್ಕಾನ್ಸಿನ್‌ನ ಹಿಸ್ಟಾರಿಕಲ್ ಸೊಸೈಟಿಯಂಥ ಸಂಸ್ಥೆಗಳು ಮೂಲ ಪ್ರತಿಗಳನ್ನೇ ಸಂಗ್ರಹಿಸಿದವು. ಪತ್ರಿಕೆಗಳ ಮೇಲೆ ಎಫ್‌ಬಿಐ ಕಣ್ಣಿತ್ತು, ಅಂಗಡಿಯವರಿಗೆ ಒತ್ತಡ ಇತ್ತು, ಹೆಚ್ಚಿನವು ಕೆಲವೇ ವರ್ಷ ಬದುಕಿದವು. ಆದರೂ ಇವತ್ತು ಭಟ್ಕಳದ ಹಾಸ್ಟೆಲ್ಲಿನಲ್ಲಿ ಕೂತು, ಜೆಸ್ಟೋರ್‌ನ 'ಇಂಡಿಪೆಂಡೆಂಟ್ ವಾಯ್ಸಸ್' ಸಂಗ್ರಹದಲ್ಲಿ ಅವುಗಳ ಪುಟಗಳನ್ನು ದುಡ್ಡಿಲ್ಲದೆ ಓದಬಹುದು. ಬರ್ಕ್ಲಿಯ ಪತ್ರಿಕೆ ಭಟ್ಕಳದಲ್ಲಿ ಸಿಗುತ್ತದೆ. ಅಜ್ಜನ ಕಟ್ಟು ಕುಮಟೆಯಲ್ಲೇ ಸಿಗಲಿಲ್ಲ.

ನಮ್ಮಲ್ಲಿ ಏನೇನು ಇತ್ತು?

ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಹೊರಬಂತು, ಹರ್ಮನ್ ಮೋಗ್ಲಿಂಗ್ ತಂದದ್ದು, ಕಲ್ಲಚ್ಚಿನಲ್ಲಿ. ಅದು ಎಲ್ಲರಿಗೂ ಗೊತ್ತು. ಅದರ ಹಿಂದೆಯೇ ಕನ್ನಡದಲ್ಲಿ ಪತ್ರಿಕೆ ಮತ್ತು ಅಧಿಕಾರದ ಜಟಾಪಟಿಯೂ ನಡೆದುಕೊಂಡು ಬಂದಿದೆ. ಅದರಲ್ಲಿ ಸಂಗ್ರಹಕಾರನಿಗೆ ಮುಖ್ಯವಾದ ನಾಲ್ಕು ಕಾಲಘಟ್ಟಗಳನ್ನು ಹೇಳ್ತೀನಿ.

ಮೊದಲನೆಯದು 1930–32. ನಮ್ಮ ಜಿಲ್ಲೆ 1862ರಿಂದ ಮುಂಬೈ ಪ್ರಾಂತದಲ್ಲಿತ್ತು. ಹಾಗಾಗಿ ಮುಂಬೈಯ ಗಾಳಿ ಇಲ್ಲಿಗೆ ಬೇಗ ಬೀಸುತ್ತಿತ್ತು. 1930ರ ಏಪ್ರಿಲ್ 13ರಂದು ಕುಮಟೆಯ ಪಕ್ಕದ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ಆಯ್ತು. ಅಂಕೋಲಾ, ಸಿದ್ದಾಪುರ, ಶಿರಸಿ ಕಡೆ ಕರನಿರಾಕರಣೆ ನಡೆದು ಎಷ್ಟೋ ಮನೆಗಳು ಜಮೀನು ಕಳೆದುಕೊಂಡವು. ಪತ್ರಿಕೆಗಳ ಮೇಲೆ ನಿರ್ಬಂಧ ಬಿದ್ದಾಗ, 1932ರಲ್ಲಿ ಕಾಂಗ್ರೆಸ್ ಸಂಘಟನೆಗಳನ್ನೇ ಕಾನೂನುಬಾಹಿರ ಮಾಡಿದಾಗ, ಸುದ್ದಿ ಹೋಗುತ್ತಿದ್ದದ್ದು ಸೈಕ್ಲೋಸ್ಟೈಲ್ ಮಾಡಿದ ಬುಲೆಟಿನ್‌ಗಳಲ್ಲಿ. 1942ರಲ್ಲಿ ಮತ್ತೆ ಅದೇ ದಾರಿ.

ಎರಡನೆಯದು 1947, ಅದೂ ಸ್ವಾತಂತ್ರ್ಯ ಬಂದ ಮೇಲೆ. ಮೈಸೂರು ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ 'ಮೈಸೂರು ಚಲೋ' ನಡೆದಾಗ ಎಚ್.ಎಸ್. ದೊರೆಸ್ವಾಮಿಯವರ 'ಪೌರವಾಣಿ' ಮೇಲೆ ಸರ್ಕಾರದ ಕಣ್ಣು ಬಿತ್ತು. ಅವರು ಪತ್ರಿಕೆಯನ್ನು ಗಡಿ ದಾಟಿಸಿ ಹಿಂದೂಪುರಕ್ಕೆ ಒಯ್ದು ಅಲ್ಲಿಂದ ತಂದರು. ಹಿಂದೂಪುರ ಆಗ ಮದ್ರಾಸ್ ಪ್ರಾಂತ, ಅಂದರೆ ಮೈಸೂರಿನ ಆಜ್ಞೆ ಅಲ್ಲಿ ನಡೆಯುವಂತಿರಲಿಲ್ಲ. ಸರ್ವರ್ ಬೇರೆ ದೇಶದಲ್ಲಿಡುವ ಉಪಾಯ ನಮ್ಮ ಕಾಲದ್ದು ಅಂದುಕೊಂಡಿದ್ದೆ!

ಮೂರನೆಯದು ತುರ್ತು ಪರಿಸ್ಥಿತಿ. 1975ರ ಜೂನ್ 25ರಿಂದ 1977ರ ಮಾರ್ಚ್ 21ರ ತನಕ. ಅಚ್ಚಿಗೆ ಮೊದಲೇ ಸೆನ್ಸಾರ್. ಕೆಲವು ಪತ್ರಿಕೆಗಳು ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟು ಪ್ರತಿಭಟಿಸಿದವು. ಅದೇ ದೊರೆಸ್ವಾಮಿಯವರು ಇಂದಿರಾ ಗಾಂಧಿಯವರಿಗೆ ಕಾಗದ ಬರೆದು ಮತ್ತೆ ಜೈಲಿಗೆ ಹೋದರು. ಬೇರೆ ಬೇರೆ ವಿಚಾರದವರು ತಮ್ಮ ತಮ್ಮ ಜಾಲದಲ್ಲಿ ಹಾಳೆಗಳನ್ನು ಹಂಚಿದರು. ಕರ್ನಾಟಕದಲ್ಲಿ ಗುಟ್ಟಾಗಿ ಹರಿದಾಡಿದ 'ಕಹಳೆ' ಅವುಗಳಲ್ಲಿ ಒಂದು.

ನಾಲ್ಕನೆಯದು ಭೂಗತವಲ್ಲ, ಆದರೆ ಅದೇ ಕಪಾಟಿನದ್ದು: ಚಳವಳಿಯ ಪತ್ರಿಕೆಗಳು. ಧಾರವಾಡದಲ್ಲಿ 1960ರ ದಶಕದಲ್ಲಿ ಶುರುವಾದ 'ಸಂಕ್ರಮಣ', 1972ರಲ್ಲಿ ಧಾರವಾಡದಲ್ಲೇ ಹುಟ್ಟಿ ಮೈಸೂರಿಗೆ ಹೋದ 'ಆಂದೋಲನ', ಬೆಂಗಳೂರಿನ 'ಶೂದ್ರ', ಮೈಸೂರಿನ ದಲಿತ ತರುಣರ 'ಪಂಚಮ'. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟುವ ಹೊತ್ತಿಗೆ ಇವು ನೆಲ ಹದ ಮಾಡಿದ್ದವು. 1980ರಲ್ಲಿ ಜಾಹೀರಾತಿಲ್ಲದೆ ಬಂದ 'ಲಂಕೇಶ್ ಪತ್ರಿಕೆ'ಯ ಕಥೆ ನಿಮ್ಮ ಅಪ್ಪ–ಅಮ್ಮಂದಿರನ್ನೇ ಕೇಳಿ.

ಇನ್ನು ನಮ್ಮ ಕರಾವಳಿ. ರೈತರ ಪರ ಹೋರಾಡಿದ್ದಕ್ಕೆ ಬ್ರಿಟಿಷ್ ಸರ್ಕಾರ 1940ರಲ್ಲಿ ದಿನಕರ ದೇಸಾಯಿಯವರನ್ನು ಜಿಲ್ಲೆಯಿಂದಲೇ ಗಡೀಪಾರು ಮಾಡಿತ್ತು. ಚುಟುಕದ ದಿನಕರ ಅಂತ ಶಾಲೆಯಲ್ಲಿ ಓದಿದ್ದೇವಲ್ಲ, ಅವರೇ. ಅವರು 1950ರ ದಶಕದಲ್ಲಿ ಅಂಕೋಲೆಯಿಂದ 'ಜನಸೇವಕ' ವಾರಪತ್ರಿಕೆ ತಂದರು. ಕುಮಟಾ ತಾಲೂಕಿನ ಗೋಕರ್ಣದ ಗೌರೀಶ ಕಾಯ್ಕಿಣಿ, ಹನೇಹಳ್ಳಿಯ ಯಶವಂತ ಚಿತ್ತಾಲ ಇಬ್ಬರ ಮೇಲೂ ಎಂ.ಎನ್. ರಾಯ್ ಅವರ ರ‍್ಯಾಡಿಕಲ್ ಮಾನವತಾವಾದದ ಪ್ರಭಾವ ಇತ್ತು. ರಾಯ್ ಅವರ ಪತ್ರಿಕೆ 1937ರಲ್ಲಿ 'ಇಂಡಿಪೆಂಡೆಂಟ್ ಇಂಡಿಯಾ' ಆಗಿ ಹುಟ್ಟಿ 1949ರಲ್ಲಿ 'ರ‍್ಯಾಡಿಕಲ್ ಹ್ಯೂಮನಿಸ್ಟ್' ಆಯ್ತು. ಇಂಥ ಪತ್ರಿಕೆಗಳನ್ನು ತರಿಸಿ ಓದುವವರು ಸಣ್ಣ ಊರುಗಳಲ್ಲೂ ಇದ್ದರು. ಆಮೇಲೆ 1983ರ ಸೆಪ್ಟೆಂಬರ್ 8ರಂದು ಶಿರಸಿಯ ಸಲ್ಕಣಿ ಕಾಡಲ್ಲಿ ಅಪ್ಪಿಕೋ ಚಳವಳಿ. ಕೈಗಾ ಅಣುಸ್ಥಾವರದ ವಿರೋಧ, 1989ರಲ್ಲಿ ಪರಿಸರದ ಮಾತು ಹಿಡಿದು ಶಿವರಾಮ ಕಾರಂತರು ನಮ್ಮ ಕ್ಷೇತ್ರದಿಂದಲೇ ಲೋಕಸಭೆಗೆ ನಿಂತದ್ದು. ಚಳವಳಿ ನಡೆದಲ್ಲೆಲ್ಲ ಕರಪತ್ರ ಹಂಚಿಕೆ ಇದ್ದೇ ಇರುತ್ತದೆ. ಪುಸ್ತಕಗಳಲ್ಲಿ ಚಳವಳಿಯ ದಿನಾಂಕ ಉಳಿದಿದೆ. ಆ ದಿನ ಜನರ ಕೈಗೆ ಸಿಕ್ಕ ಹಾಳೆ ಯಾರ ಅಟ್ಟದಲ್ಲಿದೆಯೋ!

ಇಲ್ಲೊಂದು ಮಾತು. ಕನ್ನಡ ಸಂಘದವರು ಅಂತ ಬರೀ ಕನ್ನಡ ಹಾಳೆ ಹುಡುಕಬೇಡಿ. ಭಟ್ಕಳದಲ್ಲಿ ನವಾಯತಿ ಭಾಷೆ ಇದೆ, ಅದನ್ನು ಬರೆಯೋದು ಉರ್ದುವಿನ ಥರದ ಲಿಪಿಯಲ್ಲಿ. 'ನಖ್ಶೆ ನವಾಯತ್' ಅಂತ ಆ ಭಾಷೆಯದ್ದೇ ಪತ್ರಿಕೆ ಇದೆ. ಹೊನ್ನಾವರ, ಕುಮಟೆಯ ಮನೆಗಳಲ್ಲಿ ಕೊಂಕಣಿ, ಮರಾಠಿ ಕಾಗದಗಳೂ ಸಿಗುತ್ತವೆ. ಲಿಪಿ ಓದಲು ಬರದಿದ್ದರೆ ಕ್ಲಾಸಿನಲ್ಲಿ ಪಕ್ಕದ ಬೆಂಚಿನವರನ್ನು ಕೇಳಿ. ನಮ್ಮ ಕಾಲೇಜಿನಲ್ಲಿ ಆ ಅನುಕೂಲ ಇದ್ದಷ್ಟು ಬೆಂಗಳೂರಿನ ಲೈಬ್ರರಿಯಲ್ಲೂ ಇರಲಿಕ್ಕಿಲ್ಲ.

ಹಾಳೆಯಿಂದ ಯಂತ್ರವನ್ನು ಪತ್ತೆ ಮಾಡುವುದು

ಇದು ನಮ್ಮಂಥವರಿಗೆ ಹೇಳಿ ಮಾಡಿಸಿದ ಕೆಲಸ. ಔಟ್‌ಪುಟ್ ನೋಡಿ ಸಿಸ್ಟಮ್ ಹೇಗಿತ್ತು ಅಂತ ಹೇಳಬೇಕು. ಮೊಬೈಲಿನ ಮ್ಯಾಕ್ರೋ ಮೋಡ್ ಅಥವಾ ಹತ್ತರಷ್ಟು ದೊಡ್ಡದು ಮಾಡುವ ಒಂದು ಭೂತಗನ್ನಡಿ ಸಾಕು.

ಮೊಳೆ ಅಚ್ಚು: ಉಬ್ಬಿದ ಸೀಸದ ಅಕ್ಷರ ಕಾಗದವನ್ನು ಒತ್ತುತ್ತದೆ. ಹಾಳೆ ತಿರುಗಿಸಿ ಬೆರಳಾಡಿಸಿದರೆ ಹಿಂಬದಿ ಉಬ್ಬು ತಿಳಿಯುತ್ತದೆ. ಸವೆದ ಮೊಳೆ ಪದೇ ಪದೇ ಅದೇ ಥರ ಮುರಿದು ಕಾಣುತ್ತದೆ. ಒಂದೇ ಮುರಿದ 'ಕ' ಎರಡು ಹಾಳೆಯಲ್ಲಿ ಸಿಕ್ಕರೆ ಎರಡೂ ಒಂದೇ ಪ್ರೆಸ್ಸಿನವು ಅನ್ನೋದಕ್ಕೆ ಒಳ್ಳೆಯ ಸುಳಿವು. ಹೆಸರು ಬಿಟ್ಟರೂ ಮೊಳೆ ಸಾಕ್ಷಿ ಹೇಳುತ್ತದೆ.

ಆಫ್‌ಸೆಟ್: ಹಿಂದೆ ಉಬ್ಬು ಇಲ್ಲ, ಶಾಯಿ ಸಮನಾಗಿ ಕೂತಿರುತ್ತದೆ, ಫೋಟೋಗಳಲ್ಲಿ ಚುಕ್ಕಿಗಳ ಜಾಲ ಕಾಣುತ್ತದೆ.

ಸೈಕ್ಲೋಸ್ಟೈಲ್: ಭೂಗತ ಪತ್ರಿಕೆಯ ನಿಜವಾದ ಯಂತ್ರ ಇದು. ಮೇಣ ಲೇಪಿಸಿದ ತೆಳು ಸ್ಟೆನ್ಸಿಲ್ ಹಾಳೆ. ಅದರ ಮೇಲೆ ರಿಬ್ಬನ್ ತೆಗೆದ ಟೈಪ್‌ರೈಟರಿನಿಂದ ಹೊಡೆದರೆ, ಇಲ್ಲವೇ ಉಕ್ಕಿನ ಮೊನೆಯಿಂದ ಬರೆದರೆ, ಮೇಣ ಸರಿದು ಆ ಜಾಗದಲ್ಲಿ ಶಾಯಿ ದಾಟಲು ದಾರಿಯಾಗುತ್ತದೆ. ಸ್ಟೆನ್ಸಿಲನ್ನು ಶಾಯಿಯ ಡ್ರಮ್ಮಿಗೆ ಸುತ್ತಿ ಕೈಯಿಂದ ತಿರುಗಿಸಿದರೆ ಒಂದೊಂದೇ ಪ್ರತಿ ಹೊರಬರುತ್ತದೆ. ಎಡಿಸನ್ 1876ರಲ್ಲಿ ಪೇಟೆಂಟ್ ಪಡೆದ ವಿದ್ಯುತ್ ಪೆನ್ನಿನದ್ದೂ ಇದೇ ತತ್ವ. ಗೆಸ್ಟೆಟ್ನರ್ ಅದನ್ನು ಆಫೀಸು ಆಫೀಸಿಗೆ ತಲುಪಿಸಿದರು. ಕರೆಂಟು ಬೇಡ, ಒಬ್ಬರೇ ಹೊರಬಹುದು, ಕೋಣೆಯ ಮೂಲೆಯಲ್ಲಿ ಕೂತು ಕೆಲಸ ಮುಗಿಸಬಹುದು. ಶಾಯಿ ಬೇಗ ಹೀರಲಿ ಅಂತ ಒರಟು ಕಾಗದ ಬಳಸುತ್ತಿದ್ದರು. 'ಅ', 'ಠ', 'ಒ' ಅಂಥ ದುಂಡಕ್ಷರಗಳ ಹೊಟ್ಟೆಯಲ್ಲಿ ಶಾಯಿ ತುಂಬಿದ್ದರೆ, ಅಕ್ಷರದ ಅಂಚು ಚೂರು ಒರಟಾಗಿದ್ದರೆ, ಹಿಂದಿನ ಹಾಳೆಯ ನೆರಳು ಬಿದ್ದಿದ್ದರೆ ಇದೇ ಅನ್ನಬಹುದು.

ಕನ್ನಡ ಟೈಪ್‌ರೈಟರ್ ಎಲ್ಲರ ಮನೆಯಲ್ಲಿ ಇರುತ್ತಿರಲಿಲ್ಲ. ಹಾಗಾಗಿ ಕನ್ನಡದ ಸ್ಟೆನ್ಸಿಲ್ ಕೈಯಲ್ಲಿ ಬರೆಯುವುದು ಸುಲಭದ ದಾರಿ. ಅದರ ಅಪಾಯ ಯೋಚಿಸಿ: ಹೆಸರು ಹಾಕದಿದ್ದರೂ ನಿಮ್ಮ ಕೈಬರಹ ಊರಿಡೀ ಹೋಯ್ತು. ಊರಲ್ಲಿ ಶಾಲೆ ಮಾಸ್ತರರ ಅಕ್ಷರ ಗೊತ್ತಿಲ್ಲದವರು ಯಾರು?

ತಾರೀಖಿಲ್ಲದ ಹಾಳೆಗೆ ತಾರೀಖು

ಒಳಗಿನ ಮಾತಿನಿಂದಲೇ ಕಾಲದ ಗಡಿ ಹಾಕಬಹುದು. ಕೆಲವು ಗೆರೆಗಳು:

- ಬೆಲೆ ಆಣೆಯಲ್ಲಿದ್ದರೆ 1957ರ ಏಪ್ರಿಲ್ 1ಕ್ಕಿಂತ ಮೊದಲು, ಇಲ್ಲವೇ ಅದರ ಆಸುಪಾಸು. ರೂಪಾಯಿಗೆ ನೂರು ಪೈಸೆ ಲೆಕ್ಕ ಬಂದದ್ದು ಆ ದಿನದಿಂದ.
- "ಮುಂಬೈ ಪ್ರಾಂತ", "ಮುಂಬೈ ರಾಜ್ಯ" ಅಂತ ನಮ್ಮ ಜಿಲ್ಲೆಯ ಬಗ್ಗೆ ಬರೆದಿದ್ದರೆ 1956ರ ನವೆಂಬರ್ 1ಕ್ಕಿಂತ ಹಿಂದಿನದು.
- "ಮೈಸೂರು ರಾಜ್ಯ" ಅಂತಿದ್ದರೆ 1973ರ ನವೆಂಬರ್ 1ಕ್ಕಿಂತ ಮೊದಲು. ಅವತ್ತಿನಿಂದ ಕರ್ನಾಟಕ.
- ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರ.
- ನುಡಿ, ಬರಹದ ಕಂಪ್ಯೂಟರ್ ಫಾಂಟ್ ಕಂಡರೆ 1990ರ ದಶಕದ ಕೊನೆಯ ಈಚಿನದು.

ನನ್ನ ಹಾಳೆಯಲ್ಲಿ ಅಕ್ಕಿಯ ಬೆಲೆ ಕಿಲೋಗೆ ರೂಪಾಯಿ–ಪೈಸೆಯಲ್ಲಿದೆ, "ಕರ್ನಾಟಕ" ಅಂತ ಇದೆ, "ಸೆನ್ಸಾರ್" ಎಂಬ ಪದ ಮೂರು ಸಲ ಬರುತ್ತದೆ. ಮೂರೂ ಒಟ್ಟಿಗೆ ಕೂಡುವುದು 1975–77ರಲ್ಲಿ. ಒಂದೇ ಸುಳಿವು ನಂಬಬೇಡಿ, ಮೂರು ಸುಳಿವು ಒಂದೇ ಕಡೆ ಬೆರಳು ತೋರಿಸಿದಾಗ ಬರೆದಿಡಿ. ಪಕ್ಕದಲ್ಲಿ "ಅಂದಾಜು" ಅಂತ ಬರೆಯಲು ನಾಚಿಕೆ ಬೇಡ.

ಹಾಳೆಗಿಂತ ಮೊದಲು ಮಾತು ಕೂಡಿಡಿ

ಸಂಗ್ರಹ ಅಂದರೆ ಹಾಳೆ ತಂದು ಫೈಲಿಗೆ ಹಾಕೋದು ಅಂದುಕೊಂಡಿದ್ದೆ. ದೊಡ್ಡ ತಪ್ಪು. ಹಾಳೆ ಎಲ್ಲಿ ಸಿಕ್ಕಿತು, ಯಾವುದರ ಜೊತೆ ಸಿಕ್ಕಿತು, ಯಾರು ಇಟ್ಟಿದ್ದರು ಅನ್ನೋದು ಹಾಳೆಯಷ್ಟೇ ಮುಖ್ಯ. ಕಟ್ಟಿದ ದಾರವನ್ನು ಬಿಚ್ಚುವ ಮೊದಲು ಫೋಟೋ ತೆಗೆಯಿರಿ. ಕಟ್ಟಿನೊಳಗಿನ ಕ್ರಮ ಬದಲಿಸಬೇಡಿ. ಮನೆಯ ಹಿರಿಯರನ್ನು ಕೂರಿಸಿ ತೋರಿಸಿ, ಅವರು ಹೇಳಿದ್ದನ್ನು ಒಪ್ಪಿಗೆ ಕೇಳಿ ರೆಕಾರ್ಡ್ ಮಾಡಿ.

ಈಗ ನನ್ನ ಹಾಳೆಯ ಉಳಿದ ಕಥೆ. ಅದು ಅಜ್ಜನ ಕೈಬರಹವೇ ಇರಬೇಕು ಅಂತ ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ಗೆಳೆಯರಿಗೆ ಹೇಳಿಯೂ ಆಗಿತ್ತು. ದೀಪಾವಳಿಗೆ ಹೋದಾಗ ಅಮ್ಮಮ್ಮನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಸ್ವಲ್ಪ ಹೊತ್ತು ನೋಡಿದರು.

"ಇದು ಅವರ ಅಕ್ಷರ ಅಲ್ಲ ತಮಾ. ಅವರು ಬರೀತಿರಲಿಲ್ಲ. ಹಂಚ್ತಿದ್ರು."

"ಹೇಗೆ?"

"ಕವಳದ ಸಂಚಿಯಲ್ಲಿ. ಪೇಟೆಗೆ ಹೋದಾಗ ತರ್ತಿದ್ರು. ಕವಳ ಹಾಕ್ಲಿಕ್ಕೆ ಬಂದವರಿಗೆ ಸಂಚಿ ಕೊಡ್ತಿದ್ರು. ಯಾರೂ ಏನೂ ಮಾತಾಡ್ತಿರಲಿಲ್ಲ."

ಹಾಳೆಯನ್ನು ಮತ್ತೆ ನೋಡಿದೆ. ಎಂಟು ಮಡಿಕೆಯ ಗುರುತು ಮೊದಲೇ ಕಂಡಿತ್ತು, ಟ್ರಂಕಿನಲ್ಲಿ ಹಾಗೆ ಮಡಚಿರಬೇಕು ಅಂದುಕೊಂಡಿದ್ದೆ. ಆದರೆ ಟ್ರಂಕಿನಲ್ಲಿ ಅದು ಬಿಚ್ಚಿ ಹಾಸಿದ್ದಾಗಿತ್ತು. ಎಂಟು ಮಡಿಕೆ ಮಾಡಿದರೆ ಸಂಚಿಯ ಒಂದು ಖಾನೆಗೆ ಸರಿಯಾಗಿ ಕೂರುತ್ತದೆ. ಒಂದು ಮಡಿಕೆಯ ಮೂಲೆಯಲ್ಲಿ ಬಿಳಿ ಕಲೆ. ಶಿಲೀಂಧ್ರ ಅಂತ ನನ್ನ ನೋಟ್‌ಬುಕ್ಕಿನಲ್ಲಿ ಬರೆದಿದ್ದೆ. ಅದು ಸುಣ್ಣ.

ಆ ಸುಣ್ಣವನ್ನು ಒರೆಸಿ "ಕ್ಲೀನ್" ಮಾಡಲು ನಾನು ಹೊರಟಿದ್ದೆ ಅನ್ನೋದನ್ನೂ ಹೇಳಿಬಿಡ್ತೀನಿ. ಯಾವ ಕಲೆಯನ್ನೂ ಅವಸರದಲ್ಲಿ ಒರೆಸಬೇಡಿ. ಮತ್ತೆ, ಬರೆದವರನ್ನಷ್ಟೇ ಹುಡುಕಬೇಡಿ. ಪತ್ರಿಕೆಗೆ ಬರೆಯುವವರು ಇಬ್ಬರು, ತಿರುಗಿಸುವವರು ಒಬ್ಬರು, ಹೊತ್ತು ಹಂಚುವವರು ನೂರು. ಆ ನೂರು ಜನರ ಹೆಸರು ಎಲ್ಲೂ ಅಚ್ಚಾಗಿಲ್ಲ.

ಒಂದು ಎಚ್ಚರಿಕೆಯೂ ಬೇಕು. ಇಂಥ ಕಾಗದದಲ್ಲಿ ಬದುಕಿರುವವರ ಸುದ್ದಿ, ಆರೋಪ, ವಿಳಾಸ ಇರಬಹುದು. ಮನೆಯವರ ಒಪ್ಪಿಗೆ ಇಲ್ಲದೆ ಇನ್‌ಸ್ಟಾಗ್ರಾಂಗೆ ಹಾಕಬೇಡಿ. ಅಂದು ಗುಟ್ಟಾಗಿ ಮಾಡಿದವರಿಗೆ ಇಂದೂ ಗುಟ್ಟು ಬೇಕಿರಬಹುದು. ನಾನು ಊರಿನ ಹೆಸರು ಹೇಳದೆ "ಕುಮಟಾ ಹತ್ತಿರ" ಅಂದದ್ದೂ ಅದಕ್ಕೇ. ಹಕ್ಕುಸ್ವಾಮ್ಯವೂ ಇದೆ: 1957ರ ಕಾಯ್ದೆಯಂತೆ ಅನಾಮಿಕ ಕೃತಿಗೆ ಪ್ರಕಟಣೆಯ ನಂತರ 60 ವರ್ಷ. 1932ರ ಬುಲೆಟಿನ್ ಮುಕ್ತ. 1975ರದ್ದು 2035ರ ಕೊನೆಗೆ ಮುಕ್ತವಾಗುತ್ತದೆ.

ನಮ್ಮ ಮಳೆಯಲ್ಲಿ ಕಾಗದ ಉಳಿಸುವುದು

ನಮ್ಮ ಕಡೆ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿಯ ತೇವ 80 ಪ್ರತಿಶತ ದಾಟಿಯೇ ಇರುತ್ತದೆ. ಕಾಗದಕ್ಕೆ ಬೇಕಾದದ್ದು 50ರ ಆಸುಪಾಸು. ಮೇಲಾಗಿ ಅಗ್ಗದ ಕಾಗದದಲ್ಲಿ ಮರದ ಲಿಗ್ನಿನ್ ಉಳಿದಿರುತ್ತದೆ, ಅದು ಬೆಳಕು–ಗಾಳಿಗೆ ಹಳದಿಯಾಗಿ, ಆಮ್ಲವಾಗಿ, ಕೊನೆಗೆ ಹಪ್ಪಳದಂತೆ ಮುರಿಯುತ್ತದೆ. ಅದಕ್ಕೇ:

- ಲ್ಯಾಮಿನೇಶನ್ ಬೇಡವೇ ಬೇಡ. ಬಿಸಿಗೆ ಅಂಟಿದ ಪ್ಲಾಸ್ಟಿಕ್ ಮತ್ತೆ ಬಿಡಿಸಲಾಗದು.
- ಸೆಲ್ಲೋಟೇಪ್, ಸ್ಟೇಪ್ಲರ್ ಪಿನ್, ಗುಂಡುಸೂಜಿ ಬೇಡ. ಅಂಟು ಕಂದಾಗುತ್ತದೆ, ಪಿನ್ನು ತುಕ್ಕು ಹಿಡಿಯುತ್ತದೆ.
- ಬಿಸಿಲಿಗೆ ಒಣಹಾಕಬೇಡಿ. ನೆರಳಲ್ಲಿ, ಫ್ಯಾನಿನ ಗಾಳಿಯಲ್ಲಿ ಒಣಗಿಸಿ.
- ಬಿಚ್ಚಿ, ಮಟ್ಟಸವಾಗಿ, ಆಮ್ಲವಿಲ್ಲದ ಕಾಗದದ ಕವರಿನಲ್ಲಿಟ್ಟು ಮುಚ್ಚಳದ ಡಬ್ಬದಲ್ಲಿ ಇಡಿ. ಸಿಲಿಕಾ ಜೆಲ್ ಹಾಕಿದರೆ ಪ್ರತಿ ತಿಂಗಳು ನೋಡಿ ಬದಲಿಸಿ. ಡಬ್ಬ ನೆಲಕ್ಕೂ ಹೊರಗೋಡೆಗೂ ತಾಗದಿರಲಿ, ಒರಲೆ ಬರುವುದು ಅಲ್ಲಿಂದಲೇ.

ಸ್ಕ್ಯಾನ್: ಎ4 ಹಾಳೆಯನ್ನು ಇಂಚಿಗೆ 400 ಚುಕ್ಕಿಯಂತೆ ತೆಗೆದರೆ 3308 × 4676 ಪಿಕ್ಸೆಲ್, ಸುಮಾರು 15.5 ಮೆಗಾಪಿಕ್ಸೆಲ್. ಬಣ್ಣದ ಟಿಫ್ ಫೈಲ್ ಕುಗ್ಗಿಸದೆ ಇಟ್ಟರೆ 46 ಎಂಬಿ. ನಿಮ್ಮ ಮೊಬೈಲಿನ 12 ಮೆಗಾಪಿಕ್ಸೆಲ್ ಕ್ಯಾಮರಾ ಹಾಳೆಯನ್ನು ಫ್ರೇಮ್ ತುಂಬ ಹಿಡಿದರೆ ಸುಮಾರು 340 ಚುಕ್ಕಿ ಕೊಡುತ್ತದೆ. ಸ್ಕ್ಯಾನರ್ ಇಲ್ಲ ಅಂತ ಕಾಯಬೇಡಿ, ಇಷ್ಟಾದರೂ ಸಾಕು. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆಯಿರಿ. ಖಾಲಿ ಬದಿಯನ್ನೂ ತೆಗೆಯಿರಿ. ಮೂರು ಪ್ರತಿ ಇರಲಿ, ಒಂದು ಬೇರೆ ಊರಲ್ಲಿರಲಿ. ಪ್ರತಿ ಫೈಲಿಗೆ ಎಸ್‌ಎಚ್‌ಎ-256 ಹ್ಯಾಶ್ ಬರೆದಿಟ್ಟರೆ ಹತ್ತು ವರ್ಷದ ಮೇಲೆ ಫೈಲು ಕೆಟ್ಟಿದೆಯೋ ಇಲ್ಲವೋ ತಿಳಿಯುತ್ತದೆ.

ಗುಟ್ಟಾಗಿ ಬಂದದ್ದೆಲ್ಲ ಸತ್ಯ ಅಲ್ಲ

ಇದನ್ನು ಹೇಳದಿದ್ದರೆ ಪಾಠ ಅರ್ಧವಾಗುತ್ತದೆ. ಸೆನ್ಸಾರ್ ಆದ ಪತ್ರಿಕೆ ಮುಚ್ಚಿಡುತ್ತದೆ, ಭೂಗತ ಪತ್ರಿಕೆ ಕೆಲವೊಮ್ಮೆ ಉಬ್ಬಿಸುತ್ತದೆ. ಅದನ್ನು ಪರಿಶೀಲಿಸಲು ಬರೆಯುವವರಿಗೂ ದಾರಿ ಇರಲಿಲ್ಲ. ಒಂದೇ ವಾರದ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ಬ್ರಿಟಿಷರ ಕಾಲದ್ದಾದರೆ ಮೂರನೇ ದಾರಿಯೂ ಇದೆ. ಮುಂಬೈ ಸರ್ಕಾರ ದೇಶಿ ಭಾಷೆಯ ಪತ್ರಿಕೆಗಳಲ್ಲಿ ಏನು ಬಂತು ಅಂತ ವಾರವಾರ ಗುಪ್ತ ವರದಿ ಮಾಡಿಸುತ್ತಿತ್ತು. ಧಾರವಾಡ ಕಡೆಯ ಕನ್ನಡ ಪತ್ರಿಕೆಗಳ ಸಾರವೂ ಅದರಲ್ಲಿದೆ. ಎಷ್ಟೋ ಪತ್ರಿಕೆಗಳ ಮೂಲ ಪ್ರತಿ ಹೋಗಿದೆ, ಅದನ್ನು ಕಾದು ಕೂತವರ ವರದಿ ಉಳಿದಿದೆ. ಸರ್ಕಾರ ತನ್ನ ಕಾಗದವನ್ನು ಜೋಪಾನ ಮಾಡುತ್ತದೆ. ಜನರ ಕಾಗದವನ್ನು ಜನರೇ ಮಾಡಬೇಕು.

ಈ ರಜೆಯ ಕೆಲಸ

ಒಂದು: ನಿಮ್ಮ ಮನೆ ಅಟ್ಟದ ಕಾಗದವನ್ನು ರದ್ದಿಗೆ ಹಾಕುವ ಮೊದಲು ಒಂದು ಸಂಜೆ ಕೂತು ಪ್ರತಿ ಹಾಳೆಯ ಕೆಳಗಿನ ಸಾಲು ನೋಡಿ. ಹೆಸರಿಲ್ಲದ್ದನ್ನು ಬೇರೆ ಇಡಿ.

ಎರಡು: ಸಿಕ್ಕ ಒಂದು ಹಾಳೆಗೆ ಐದು ಪ್ರಶ್ನೆಯ ಉತ್ತರ ಬರೆಯಿರಿ: ಯಾವ ಯಂತ್ರ, ಯಾವ ಕಾಲ, ಎಲ್ಲಿ ಸಿಕ್ಕಿತು, ಹೇಗೆ ಮಡಚಿತ್ತು, ಮನೆಯವರು ಏನು ಹೇಳ್ತಾರೆ.

ಮೂರು: ಎಪ್ಪತ್ತು ದಾಟಿದ ಒಬ್ಬರ ಹತ್ತಿರ ಕೂತು "ತುರ್ತು ಪರಿಸ್ಥಿತಿಯಲ್ಲಿ ಸುದ್ದಿ ಹೇಗೆ ತಿಳಿತಿತ್ತು?" ಅಂತ ಕೇಳಿ. ಇದನ್ನು ಮುಂದಿನ ವರ್ಷಕ್ಕೆ ಇಡಬೇಡಿ.

ಭಟ್ಕಳ, ಹೊನ್ನಾವರ, ಕುಮಟೆಯಿಂದ ಬಂದ ನಾವೇ ಸಂಘದಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಇದ್ದೇವೆ. ತಲೆಗೊಂದು ಹಾಳೆ ಸಿಕ್ಕರೂ ನಮ್ಮ ಮೂರು ತಾಲೂಕಿನ ಒಂದು ಡಬ್ಬ ಶುರುವಾಗುತ್ತದೆ. ಮೊದಲ ಹಾಳೆಯ ಸ್ಕ್ಯಾನ್ ನಾನು ಕೊಡ್ತೀನಿ, ಅಮ್ಮಮ್ಮ ಒಪ್ಪಿದ್ದಾರೆ. ದಾಖಲೆ ಪಟ್ಟಿಯಲ್ಲಿ "ಬರೆದವರು" ಅನ್ನುವ ಖಾನೆ ಖಾಲಿ ಇದೆ. "ಹಂಚಿದವರು" ಅಂತ ಹೊಸ ಖಾನೆ ಮಾಡಿ, ಅಲ್ಲಿ "ನನ್ನ ಅಜ್ಜ, ಕವಳದ ಸಂಚಿಯಲ್ಲಿ" ಅಂತ ಬರೆದಿದ್ದೇನೆ.